ಅಕ್ಕಲಕೋಟಕ್ಕೊಂದು ನ್ಯಾಯ, ಬೆಳಗಾವಿಗೊಂದು ನ್ಯಾಯ

ಆಳಂದ ಬಿಟ್ಟು ಹಿರೋಳಿ ದಾಟಿದರೆ ವಾಗ್ದರಿ. ಅಫಜಲಪುರದಿಂದ ಬಡಗಣಕ್ಕೆ ಹೊರಟರೆ ದುಧನಿ. ಎರಡೂ ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಊರುಗಳು. ನಮ್ಮ ಕಡೆಯ ತೊಗರಿ ದುಧನಿಯ ಮಾರುಕಟ್ಟೆಗೆ ಹೋಗುತ್ತದೆ, ಆ ಕಡೆಯ ಭಕ್ತರು ಗಾಣಗಾಪುರದ ದತ್ತನಲ್ಲಿಗೂ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ಬರುತ್ತಾರೆ. ಹೆಣ್ಣು ಕೊಡುವುದು, ತರುವುದು ಎರಡೂ ದಿಕ್ಕಿನಲ್ಲಿ ನಡೆದೇ ಇದೆ. 2022ರ ಕೊನೆಯಲ್ಲಿ ಈ ಅಕ್ಕಲಕೋಟ ತಾಲೂಕಿನ ಕೆಲವು ಗ್ರಾಮ ಪಂಚಾಯಿತಿಗಳು ತಮ್ಮನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಠರಾವು ಮಾಡಿದವು. ರಸ್ತೆ ಇಲ್ಲ, ನೀರಿಲ್ಲ, ಕೇಳುವವರಿಲ್ಲ ಎಂಬುದು ಅವರ ದೂರು. ಅಲ್ಲಿನ ಆಡಳಿತ ಕೂಡಲೇ ನೋಟಿಸು ಕಳಿಸಿತು. ಪಂಚಾಯಿತಿಯನ್ನೇ ಬರಖಾಸ್ತು ಮಾಡಬಾರದೇಕೆ ಎಂಬ ಧಾಟಿಯ ನೋಟಿಸು. ಬಹುತೇಕ ಊರುಗಳು ಠರಾವು ಹಿಂದಕ್ಕೆ ಪಡೆದವು.

ಆಗ ಕರ್ನಾಟಕದಲ್ಲಿ ಬಂದ ಮಾತುಗಳನ್ನು ನೆನಪಿಸಿಕೊಳ್ಳಿ. ಜನರ ಬಾಯಿ ಮುಚ್ಚಿಸುವುದೇ, ಇದೆಂಥ ಪ್ರಜಾಪ್ರಭುತ್ವ ಎಂದು ನಮ್ಮವರು ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿದಾಗ ಕರ್ನಾಟಕ ಸರ್ಕಾರ ನೋಟಿಸಿಗೆ ನಿಲ್ಲಲಿಲ್ಲ, ಪಾಲಿಕೆಯನ್ನೇ ವಿಸರ್ಜಿಸಿತು. ಆಗಲೂ ನಮ್ಮಲ್ಲಿ ಚಪ್ಪಾಳೆ ಬಿತ್ತು. ಅಕ್ಕಲಕೋಟದ ಠರಾವು ಜನರ ದನಿ, ಬೆಳಗಾವಿಯದು ದ್ರೋಹ. ಗಡಿಯ ಆಚೆ ಇದೇ ವಾಕ್ಯ ತಿರುವುಮುರುವಾಗಿ ಕೇಳಿಸುತ್ತದೆ.

ಒಂದು ಪ್ರದೇಶದ ಜನ ತಾವು ಯಾವ ರಾಜ್ಯಕ್ಕೆ, ಯಾವ ದೇಶಕ್ಕೆ ಸೇರಬೇಕೆಂದು ಮತ ಹಾಕಿ ಹೇಳಬಹುದೇ? ಹೇಳಿದರೆ ಅದಕ್ಕೆಷ್ಟು ಬೆಲೆ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಜನ ಹೇಳಿದ ಮೇಲೆ ಮುಗಿಯಿತು ಎಂಬುದು ಒಂದು. ಕಾನೂನಿನಲ್ಲಿ ಅವಕಾಶವಿಲ್ಲ, ಅಲ್ಲಿಗೆ ಮುಗಿಯಿತು ಎಂಬುದು ಇನ್ನೊಂದು. ಎರಡೂ ಸೋಮಾರಿ ಉತ್ತರಗಳು. ಮತದಾನಕ್ಕೆ ಮಾನ್ಯತೆ ಬರುವುದು ಮತದಾನದ ದಿನ ಅಲ್ಲ, ಅದಕ್ಕೂ ಮೊದಲು. ಸೋಲಲಿರುವವರು ಆಟದ ನಿಯಮವನ್ನು ಒಪ್ಪಿದ್ದರೇ ಎಂಬಲ್ಲಿ ಅದು ನಿರ್ಧಾರವಾಗುತ್ತದೆ.

ಸ್ಪೇನಿನ ಕ್ಯಾಟಲೋನಿಯಾ ಇದಕ್ಕೆ ಈ ಶತಮಾನದ ದೊಡ್ಡ ಪಾಠ. 2017ರ ಅಕ್ಟೋಬರ್ 1ರಂದು ಅಲ್ಲಿನ ಪ್ರಾಂತ ಸರ್ಕಾರ, ಸಾಂವಿಧಾನಿಕ ನ್ಯಾಯಾಲಯ ತಡೆ ಕೊಟ್ಟಿದ್ದರೂ, ಸ್ವಾತಂತ್ರ್ಯದ ಮೇಲೆ ಜನಮತಗಣನೆ ನಡೆಸಿತು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿ ಲಾಠಿ ಬೀಸಿದ ದೃಶ್ಯಗಳನ್ನು ಜಗತ್ತೇ ನೋಡಿತು. ಎಣಿಸಿದ ಮತಗಳಲ್ಲಿ ಶೇ. 90ರಷ್ಟು ಸ್ವಾತಂತ್ರ್ಯದ ಪರ. ಆದರೆ ಮತ ಹಾಕಿದವರು ಶೇ. 43 ಮಾತ್ರ. ಸ್ಪೇನಿನಲ್ಲೇ ಉಳಿಯಬೇಕೆನ್ನುವವರು ಇದು ನಮ್ಮ ಆಟವಲ್ಲ ಎಂದು ಮನೆಯಲ್ಲಿ ಕೂತಿದ್ದರು. ಸುಮಾರು 53 ಲಕ್ಷ ಮತದಾರರಲ್ಲಿ ‘ಹೌದು’ ಎಂದವರು 20 ಲಕ್ಷದ ಆಸುಪಾಸು. ಅದು ಸಣ್ಣ ಸಂಖ್ಯೆಯಲ್ಲ, ಬಹುಮತವೂ ಅಲ್ಲ. ಜನಮತಗಣನೆಯ ಕಾನೂನನ್ನು ಅಲ್ಲಿನ ಶಾಸನಸಭೆ ಸೆಪ್ಟೆಂಬರಿನಲ್ಲಿ ತರಾತುರಿಯಿಂದ ಪಾಸು ಮಾಡಿದಾಗ ವಿರೋಧ ಪಕ್ಷಗಳ ಬಹುತೇಕ ಸದಸ್ಯರು ಎದ್ದು ಹೊರನಡೆದಿದ್ದರು. ದೇಶವನ್ನೇ ಎರಡು ಮಾಡುವ ನಿಯಮವನ್ನು ಅರ್ಧ ಖಾಲಿ ಸಭೆ ಬರೆದಿತ್ತು.

ಹಾಗೆಂದು ಮ್ಯಾಡ್ರಿಡ್ಡಿನ ಕಡೆ ನ್ಯಾಯವೆಲ್ಲ ಇತ್ತೆಂದೂ ಅಲ್ಲ. 2006ರಲ್ಲಿ ಕ್ಯಾಟಲನ್ನರು ಹೆಚ್ಚಿನ ಸ್ವಾಯತ್ತತೆಯ ಶಾಸನವೊಂದನ್ನು ಸ್ಪೇನಿನ ಸಂಸತ್ತಿನ ಒಪ್ಪಿಗೆಯೊಂದಿಗೇ ಜನಮತಗಣನೆಯಲ್ಲಿ ಅಂಗೀಕರಿಸಿದ್ದರು. 2010ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದರ ಕೆಲವು ಕಲಮುಗಳನ್ನು ಕತ್ತರಿಸಿತು. ನಿಯಮದ ಪ್ರಕಾರವೇ ಕೇಳಿದ್ದು, ನಿಯಮದ ಪ್ರಕಾರವೇ ಸಿಕ್ಕಿದ್ದು, ಆಮೇಲೆ ಕೈತಪ್ಪಿ ಹೋಯಿತು. ಅಲ್ಲಿಯವರೆಗೆ ಸ್ವಾತಂತ್ರ್ಯ ಬೇಡುತ್ತಿದ್ದವರು ಕ್ಯಾಟಲೋನಿಯಾದಲ್ಲಿ ಒಂದು ಸಣ್ಣ ಪಂಗಡ. ಚಳವಳಿ ಬೆಳೆದದ್ದು ಆ ಬಳಿಕ. 2019ರಲ್ಲಿ ಒಂಬತ್ತು ನಾಯಕರಿಗೆ ಒಂಬತ್ತರಿಂದ ಹದಿಮೂರು ವರ್ಷಗಳ ಜೈಲು ವಿಧಿಸಿದ ದೇಶ, 2021ರಲ್ಲಿ ಅವರಿಗೆ ಕ್ಷಮೆ ಕೊಟ್ಟು ಬಿಡಬೇಕಾಯಿತು. ಬ್ರಿಟನ್ ಇದಕ್ಕಿಂತ ಜಾಣತನ ತೋರಿಸಿತ್ತು. 2012ರಲ್ಲೇ ಲಂಡನ್ನೂ ಎಡಿನ್‌ಬರೋ ಕೂತು ಒಪ್ಪಂದ ಮಾಡಿಕೊಂಡು 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ಮತ ಹಾಕಿಸಿದವು. ಶೇ. 55 ಜನ ಬೇಡವೆಂದರು. ಸೋತವರು ಫಲಿತಾಂಶಕ್ಕೆ ಕೊಕ್ಕೆ ಹಾಕಲಿಲ್ಲ.

ಕಲಬುರಗಿ ಸೀಮೆಯವರಿಗೆ ಇದು ದೂರದ ಸಂಗತಿಯಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಜನ ಯಾವ ದೇಶದಲ್ಲಿರಬೇಕೆಂಬ ಪ್ರಶ್ನೆ ಹದಿಮೂರು ತಿಂಗಳ ಕಾಲ ತೂಗಿದ್ದುಂಟು. 1947ರ ಆಗಸ್ಟ್ 15ರಂದು ಇಲ್ಲಿ ಸ್ವಾತಂತ್ರ್ಯ ಬರಲಿಲ್ಲ. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತನ್ನದು ಸ್ವತಂತ್ರ ರಾಜ್ಯವೆಂದ. ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆಮೇಲಿನ ಮಾತುಕತೆಗಳಲ್ಲಿ ಜನಮತಗಣನೆ ಎಂಬುದು ಮತ್ತೆ ಮತ್ತೆ ಮೇಜಿನ ಮೇಲೆ ಬಂತು. ಕೇಳುವುದು ಬೇಡವೆಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಯಾರ ಆಡಳಿತದ ಕೆಳಗೆ ಕೇಳುವುದು ಎಂಬಲ್ಲಿ ಹಗ್ಗ ಹರಿಯಿತು. ಖಾಸಿಂ ರಜ್ವಿಯ ರಜಾಕಾರರು ಊರೂರು ತಿರುಗುತ್ತಿರುವಾಗ, ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು ಜೈಲಿನಲ್ಲಿರುವಾಗ, ಪ್ರಜೆಗಳಲ್ಲಿ ಬಹುಸಂಖ್ಯಾತರಿಗೆ ಆಡಳಿತದಲ್ಲಿ ತಕ್ಕ ಪಾಲು ಇಲ್ಲದಿರುವಾಗ ಹಾಕುವ ಮತ ಎಂಥದ್ದು? ಭಾರತದ ಈ ಆಕ್ಷೇಪದಲ್ಲಿ ಹುರುಳಿತ್ತು. ಸೇನೆ ಒಳಬಂದ ಮೇಲೆ ಹಾಕುವ ಮತ ಎಂಥದ್ದು ಎಂಬ ನಿಜಾಮನ ಕಡೆಯವರ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಭಾರತದ ಸೇನೆ ಒಳಹೊಕ್ಕ ಮೇಲೆ 1948ರ ಫೆಬ್ರುವರಿಯಲ್ಲಿ ಜುನಾಗಢ ಸಂಸ್ಥಾನದಲ್ಲಿ ನಡೆದ ಜನಮತಗಣನೆಯಲ್ಲಿ ಸುಮಾರು 1,90,000 ಮತಗಳ ಪೈಕಿ ಪಾಕಿಸ್ತಾನದ ಪರ ಬಿದ್ದದ್ದು 91. ಜುನಾಗಢದ ಬಹುಪಾಲು ಜನಕ್ಕೆ ಭಾರತವೇ ಬೇಕಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ 91 ಎಂಬ ಸಂಖ್ಯೆ ನೋಡಿದರೆ ವಿರೋಧದ ಮತ ಹಾಕುವ ಧೈರ್ಯ ಎಷ್ಟು ಜನಕ್ಕಿತ್ತು ಎಂಬ ಕುತೂಹಲ ಹುಟ್ಟದಿರದು.

ಹೈದರಾಬಾದಿನಲ್ಲಿ ಆ ಪ್ರಶ್ನೆಯೂ ಬರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಸೇನೆ ನುಗ್ಗಿತು, 17ರಂದು ನಿಜಾಮ ಶರಣಾದ. ನಮ್ಮ ಹಿರಿಯರು ಅದನ್ನು ಇಂದಿಗೂ ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. ಮರುವರ್ಷ ನವೆಂಬರ್ 23ರಂದು ನಿಜಾಮ ಹೊರಡಿಸಿದ ಫರ್ಮಾನು ಭಾರತದ ಸಂವಿಧಾನವನ್ನು ಒಪ್ಪಿತು, ಜನರ ಅನುಮೋದನೆಗೆ ಒಳಪಟ್ಟು ಎಂಬ ಮಾತಿನೊಂದಿಗೆ. ಅದಕ್ಕೆಂದು ಹೈದರಾಬಾದಿಗೊಂದು ಸಂವಿಧಾನ ಸಭೆ ಆಗಬೇಕಿತ್ತು. ಆಗಲಿಲ್ಲ. ಅನುಮೋದನೆಯ ಕೆಲಸವನ್ನು 1952ರ ಮೊದಲ ಸಾರ್ವತ್ರಿಕ ಚುನಾವಣೆ ಸದ್ದಿಲ್ಲದೆ ಮಾಡಿತು. 175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 93 ಬಂದವು. ಭಾರತದ ಸೇನೆಯೊಡನೆ ಆವರೆಗೂ ಗುಂಡಿನ ಕಾಳಗ ನಡೆಸಿದ್ದ ತೆಲಂಗಾಣದ ಕಮ್ಯುನಿಸ್ಟರೂ ಪಿ.ಡಿ.ಎಫ್. ಹೆಸರಿನಲ್ಲಿ ಸ್ಪರ್ಧಿಸಿ 42 ಗೆದ್ದರು. ನಲ್ಲಗೊಂಡದ ರಾವಿ ನಾರಾಯಣ ರೆಡ್ಡಿ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು. ಬಂದೂಕು ಹಿಡಿದವನಿಗೂ ಮತಪೆಟ್ಟಿಗೆ ತೆರೆದಿತ್ತು. ಹೈದರಾಬಾದಿನ ವಿಲೀನಕ್ಕೆ ಮಾನ್ಯತೆ ಎಲ್ಲಿಂದ ಬಂತೆಂದು ಕೇಳಿದರೆ ನಾನು ಸೆಪ್ಟೆಂಬರ್ 17ನ್ನು ತೋರಿಸುವುದಿಲ್ಲ. 1952ನ್ನು ತೋರಿಸುತ್ತೇನೆ.

ಅದರಲ್ಲೂ ಒಂದು ಕೊರತೆ ಉಳಿಯಿತು. ಗೋರಟಾದಂಥ ಊರುಗಳಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ, ನೆನೆಯಬೇಕು. ಪೊಲೀಸ್ ಆಕ್ಷನ್ ಆದ ಮೇಲೆ ಸೇಡಿನಲ್ಲಿ ಸತ್ತ ಮುಸ್ಲಿಮರನ್ನು ನೆನೆಯುವುದಿಲ್ಲ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡದ ಜತೆ ಗುಲಬರ್ಗಾವೂ ಇತ್ತು. ಆ ವರದಿ ಆರು ದಶಕ ಕಳೆದು 2013ರ ಹೊತ್ತಿಗಷ್ಟೇ ಸಾರ್ವಜನಿಕರ ಕೈಗೆ ಸಿಕ್ಕಿತು. ಜನ ಒಪ್ಪಿದರು ಎಂದು ಹೇಳುವಾಗ ಯಾವ ಜನ ಎಂದೂ ಕೇಳಬೇಕಾಗುತ್ತದೆ. ಸೆಪ್ಟೆಂಬರ್ 17ಕ್ಕೆ ‘ವಿಮೋಚನೆ’ಯ ಬದಲು ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು ಬಂದಿದೆ. ಹೆಸರು ಬದಲಿಸಿದ್ದಕ್ಕಿಂತ ಆ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ತಾಲೂಕು ಗ್ರಂಥಾಲಯಕ್ಕೆ ಕೊಟ್ಟಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

ಎರಡನೆಯ ಸಲ, 1956ರಲ್ಲಿ, ರಾಜ್ಯ ಬದಲಾಯಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ಗುಲಬರ್ಗಾ, ರಾಯಚೂರುಗಳನ್ನು ಕರ್ನಾಟಕಕ್ಕೆ ಸೇರಿಸಿ ಎಂದಿತು. ಗುಲಬರ್ಗಾದ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರದ ಪಾಲಾದವು. ಆಗಲೂ ಮತಪತ್ರ ಯಾರ ಕೈಗೂ ಬರಲಿಲ್ಲ. ಆದರೆ ಆ ಆಯೋಗದ ವರದಿಯಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಜಾಣ ಸಲಹೆಯಿತ್ತು: ತೆಲಂಗಾಣ ಸದ್ಯಕ್ಕೆ ಪ್ರತ್ಯೇಕವಾಗಿರಲಿ, 1961ರ ಸುಮಾರಿನ ಚುನಾವಣೆಯ ನಂತರ ಅಲ್ಲಿನ ಶಾಸನಸಭೆ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿದರೆ ಆಂಧ್ರದೊಡನೆ ಕೂಡಲಿ. ಕೇಳುವ ಕ್ರಮ ಗೊತ್ತಿತ್ತು, ಬಹುಮತದ ಅಳತೆ ಗೊತ್ತಿತ್ತು, ಕಾಯುವ ಅವಧಿ ಗೊತ್ತಿತ್ತು. ದೆಹಲಿ ಕಾಯಲಿಲ್ಲ. ಅಂದು ಕೇಳದೆ ಹಾಕಿದ ಗಂಟು 2014ರ ಜೂನ್ 2ರಂದು ಬಿಚ್ಚಿಕೊಂಡಿತು. ಬಿಚ್ಚುವಾಗ ಆಂಧ್ರದ ವಿಧಾನಸಭೆ ಬೇಡವೆಂದು ಠರಾವು ಮಾಡಿದ್ದರೂ ಸಂಸತ್ತು ಮುಂದುವರಿಯಿತು. ಸಂವಿಧಾನದ 3ನೆಯ ವಿಧಿಯ ಪ್ರಕಾರ ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಕೇಳಿದ್ದನ್ನು ಪಾಲಿಸಬೇಕಿಲ್ಲ.

ಅಕ್ಕಲಕೋಟದ ಗತಿ ಇನ್ನೂ ವಿಚಿತ್ರ. ಅದು ಭೋಸಲೆ ಮನೆತನದ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇತ್ತ ಆಳಂದ, ಅಫಜಲಪುರ ನಿಜಾಮನವು. ಇಂದು ಹಿರೋಳಿಯ ಬಳಿ ನಾವು ದಾಟುವ ಗಡಿ ಭಾಷೆ ನೋಡಿ ಎಳೆದದ್ದಲ್ಲ. ಅದು ಇಬ್ಬರು ದೊರೆಗಳ ನಡುವಿನ ಗೆರೆ. ದೊರೆಗಳು ಹೋದರು, ಗೆರೆ ಉಳಿಯಿತು.

ಈ ಗೆರೆಯನ್ನು ಸರಿಪಡಿಸಲೆಂದೇ 1966ರಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ಬಂತು. ಕೇಳಿದ್ದು ಮಹಾರಾಷ್ಟ್ರ, ಅದಕ್ಕಾಗಿ ಉಪವಾಸ ಕೂತದ್ದು ಸೇನಾಪತಿ ಬಾಪಟ್. 1967ರ ಆಗಸ್ಟಿನಲ್ಲಿ ವರದಿ ಬಂದಾಗ ಬೇಡವೆಂದದ್ದೂ ಮಹಾರಾಷ್ಟ್ರವೇ. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ಅಕ್ಕಲಕೋಟ ಇಡಿಯಾಗಿ ಮತ್ತು ಜತ್ತ, ದಕ್ಷಿಣ ಸೋಲಾಪುರದ ಹಳ್ಳಿಗಳು ಸೇರಿ 247 ಊರು ಕರ್ನಾಟಕಕ್ಕೆ ಬರಲಿ, ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರು ಮಹಾರಾಷ್ಟ್ರಕ್ಕೆ ಹೋಗಲಿ ಎಂಬುದು ಅದರ ಸಾರ. ಕರ್ನಾಟಕ ಅಂದಿನಿಂದ ‘ಮಹಾಜನ ವರದಿಯೇ ಅಂತಿಮ’ ಎನ್ನುತ್ತ ಬಂದಿದೆ. ಅದೇ ಉಸಿರಿನಲ್ಲಿ ‘ಒಂದಿಂಚೂ ಬಿಡೆವು’ ಎಂದೂ ಹೇಳುತ್ತದೆ. 2022ರ ಡಿಸೆಂಬರ್ 22ರಂದು ನಮ್ಮ ವಿಧಾನಸಭೆ ಅಂಥದ್ದೇ ನಿರ್ಣಯ ಮಾಡಿತು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ವರದಿ ಅಂತಿಮವಾದರೆ ನಿಪ್ಪಾಣಿ ಹೋಗುತ್ತದೆ. ಒಂದಿಂಚೂ ಬಿಡುವುದಿಲ್ಲವಾದರೆ ವರದಿ ಅಂತಿಮವಲ್ಲ. ಐದು ದಿನಗಳ ನಂತರ ಮಹಾರಾಷ್ಟ್ರದ ಶಾಸಕಾಂಗ 865 ಊರುಗಳು ತನ್ನವೆಂದು ನಿರ್ಣಯಿಸಿತು, ಬೀದರ್, ಭಾಲ್ಕಿಗಳ ಹೆಸರನ್ನೂ ಸೇರಿಸಿ. ಅವರದು ಇನ್ನೊಂದು ವರಸೆ: ಹಳ್ಳಿಯೇ ಘಟಕ, ಭಾಷಾ ಬಹುಮತ, ಭೌಗೋಳಿಕ ಸಾಮೀಪ್ಯ, ಜನರ ಇಚ್ಛೆ. ಕೇಳಲು ಚಂದ. ಆದರೆ ಹಳ್ಳಿಯೇ ಘಟಕ, ಜನರ ಇಚ್ಛೆಯೇ ಮಾನದಂಡ ಎನ್ನುವವರು ಅಕ್ಕಲಕೋಟದ ಹಳ್ಳಿಗಳಿಗೆ ನೋಟಿಸು ಕಳಿಸಬಹುದೇ?

ಘಟಕ ಯಾವುದು ಎಂಬುದು ಎಲ್ಲ ಕಡೆಯೂ ಕಾಡುವ ಮುಳ್ಳು. ಸ್ಪೇನ್ ಘಟಕವಾದರೆ ಕ್ಯಾಟಲೋನಿಯಾ ಸೋಲುತ್ತದೆ. ಕ್ಯಾಟಲೋನಿಯಾ ಘಟಕವಾದರೆ ಬಾರ್ಸಿಲೋನಾದ ಕರಾವಳಿಯವರು ತಮ್ಮನ್ನು ಬೇರೆ ಎಣಿಸಿ ಎನ್ನುತ್ತಾರೆ. 2017ರ ಕೊನೆಯಲ್ಲಿ ಅಲ್ಲಿ ‘ತಬಾರ್ನಿಯಾ’ ಎಂಬ ಹೊಸ ಪ್ರಾಂತದ ಗೇಲಿ ಹುಟ್ಟಿದ್ದು ಹೀಗೆಯೇ. ಯಾವ ಘಟಕ ಹಿಡಿದರೂ ಅದರೊಳಗೊಂದು ಅಲ್ಪಸಂಖ್ಯಾತ ಕೇರಿ ಉಳಿಯುತ್ತದೆ. ಆಳಂದದಲ್ಲಿ ಮರಾಠಿ ಮನೆಗಳಿವೆ, ಅಕ್ಕಲಕೋಟದಲ್ಲಿ ಕನ್ನಡದವು. ಇದಕ್ಕೆ ಗಣಿತದ ಪರಿಹಾರವಿಲ್ಲ. ಒಪ್ಪಂದದ ಪರಿಹಾರ ಮಾತ್ರ ಉಂಟು.

ಆ ಒಪ್ಪಂದ ಭಾರತದಲ್ಲಿ ಒಮ್ಮೆ ಚೆನ್ನಾಗಿಯೇ ಆಗಿದೆ, ನಮ್ಮ ಪಕ್ಕದ ಗೋವಾದಲ್ಲಿ. ದಯಾನಂದ ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ 1963ರ ಚುನಾವಣೆ ಗೆದ್ದು, ಜನ ಮಹಾರಾಷ್ಟ್ರದೊಡನೆ ವಿಲೀನಕ್ಕೆ ಮತ ಕೊಟ್ಟಿದ್ದಾರೆ ಎಂದಿತು. ಚುನಾವಣೆ ಬೇರೆ, ಗಡಿ ಬೇರೆ ಎಂದು ಎದುರಾಳಿಗಳು ಪಟ್ಟು ಹಿಡಿದರು. ಸಂಸತ್ತು 1966ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಮತದಾನ ನ್ಯಾಯವಾಗಿ ನಡೆಯಲೆಂದು ಬಾಂದೋಡಕರರ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟು ಕೆಳಗಿಳಿಯಿತು. 1967ರ ಜನವರಿ 16ರಂದು ಮತ ಬಿತ್ತು: ವಿಲೀನಕ್ಕೆ 1,38,170, ಬೇಡವೆಂದು 1,72,191. ಅಂತರ 34,021. ಸ್ವಾರಸ್ಯವಿರುವುದು ಆಮೇಲಿನ ಕಥೆಯಲ್ಲಿ. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಗೋವನ್ನರು ಅದೇ ಬಾಂದೋಡಕರರನ್ನು ಮತ್ತೆ ಗದ್ದುಗೆಗೆ ಕೂರಿಸಿದರು. ನಾಯಕ ಬೇಕು, ಅವನ ಗಡಿ ಬೇಡ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಗೆದ್ದದ್ದನ್ನು ಜನಮತಗಣನೆ ಎಂದು ಎಣಿಸುವವರಿಗೂ, ಆ ಸಮಿತಿ ಸೋತಿದ್ದರಿಂದ ವಿವಾದ ಸತ್ತಿತೆನ್ನುವ ನಮ್ಮವರಿಗೂ ಗೋವಾದ ಉತ್ತರ ಒಂದೇ. 2015ರಲ್ಲಿ ಶೇ. 48ಕ್ಕೂ ಕಡಿಮೆ ಮತಕ್ಕೆ 135ರಲ್ಲಿ 72 ಸ್ಥಾನ ಗೆದ್ದು ಇದೇ ಸ್ವಾತಂತ್ರ್ಯದ ಆದೇಶ ಎಂದ ಕ್ಯಾಟಲನ್ ಪಕ್ಷಗಳಿಗೂ ಅದೇ.

ನಿಯಮ ಎಂದಾಗ ಮತದಾರರ ಪಟ್ಟಿಯನ್ನು ಮರೆಯಬಾರದು. ಆಳಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಿದ್ದವು. ಚುನಾವಣಾ ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಾದವು 24, ಉಳಿದ 5,994 ತಪ್ಪು. ಪೊಲೀಸ್ ದೂರು ದಾಖಲಾಯಿತು. 2025ರಲ್ಲಿ ರಾಹುಲ್ ಗಾಂಧಿ ಅದನ್ನು ರಾಷ್ಟ್ರಮಟ್ಟದ ವಿಷಯ ಮಾಡಿದರು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ನೇಮಿಸಿತು. ಯಾರು ಮಾಡಿಸಿದರೆಂಬ ರಾಜಕೀಯ ಇಲ್ಲಿ ಬೇಡ. ಮಾಮೂಲಿ ಚುನಾವಣೆಯ ಪಟ್ಟಿಗೇ ಇಷ್ಟು ಕೈ ಹಾಕುವವರಿದ್ದರೆ, ಊರು ಯಾವ ರಾಜ್ಯದ್ದೆಂದು ತೀರ್ಮಾನಿಸುವ ಪಟ್ಟಿಗೆ ಏನಾದೀತು? 2017ರಲ್ಲಿ ಕ್ಯಾಟಲೋನಿಯಾದಲ್ಲಿ ಪಟ್ಟಿಯಲ್ಲಿದ್ದ ಯಾರು ಬೇಕಾದರೂ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದೆಂದು ಕೊನೆಯ ಗಳಿಗೆಯಲ್ಲಿ ಸಾರಿದ್ದು ಆ ಮತದಾನದ ಮರ್ಯಾದೆಯನ್ನು ಲಾಠಿಗಿಂತ ಹೆಚ್ಚೇ ಕಳೆಯಿತು.

ಠರಾವು ಮಾಡುವ ಹಳ್ಳಿಗೆ ನಿಜಕ್ಕೂ ಬೇಕಾದದ್ದು ಏನು ಎಂಬುದೂ ಇದೆ. ಜತ್ತದ ಸುಮಾರು ನಲವತ್ತು ಹಳ್ಳಿಗಳು 2012ರ ಬರದಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದದ್ದು ನೀರಿಗಾಗಿ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಹಳೆಯ ಠರಾವನ್ನು ಎತ್ತಿ ಆಡಿದ ಕೂಡಲೇ ಮುಂಬಯಿಯಲ್ಲಿ ವಿಸ್ತರಿತ ಮ್ಹೈಸಾಳ ಏತ ನೀರಾವರಿಯ ಕಡತಕ್ಕೆ ಕಾಲು ಬಂತು. ಗಡಿ ಸರಿಯಲಿಲ್ಲ, ಕಡತ ಸರಿಯಿತು. ನಮ್ಮ ಸೀಮೆಯ ಅನುಭವವೂ ಬೇರೆಯಲ್ಲ. 1956ರಲ್ಲಿ ಸೇರಿದ ಮೇಲೆ ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲೇ, ಜೇವರ್ಗಿಯ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿಗಳಾದರು. ಆದರೂ 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ವೈಜನಾಥ ಪಾಟೀಲರಂಥವರು ವಿಶೇಷ ಸ್ಥಾನಮಾನದ 371ನೆಯ ವಿಧಿಗಾಗಿ ಬೀದಿಗಿಳಿದರು, ಆಗಾಗ ಪ್ರತ್ಯೇಕ ರಾಜ್ಯದ ಮಾತೂ ಕೇಳಿಬಂತು. 2012ರ ಕೊನೆಯಲ್ಲಿ ಸಂಸತ್ತು 371(ಜೆ) ಕೊಟ್ಟಿತು, ಪ್ರತ್ಯೇಕ ರಾಜ್ಯದ ಕೂಗಿನ ಕಾವು ಇಳಿಯಿತು. ಬಿಟ್ಟು ಹೋಗುತ್ತೇವೆ ಎಂಬ ಮಾತಿನ ಹಿಂದೆ ಅನೇಕ ಸಲ ನಮ್ಮನ್ನು ಗಮನಿಸಿ ಎಂಬ ಮಾತೇ ಇರುತ್ತದೆ ಎಂಬುದಕ್ಕೆ ಈ ಸೀಮೆಯೇ ಸಾಕ್ಷಿ.

ಕ್ವಿಬೆಕ್ ಪ್ರಾಂತದ ವಿಷಯದಲ್ಲಿ ಕೆನಡಾದ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದ್ದನ್ನು ನಾನು ಇಲ್ಲಿಗೂ ತರಬಯಸುತ್ತೇನೆ. ಪ್ರಾಂತವೊಂದು ತಾನಾಗಿಯೇ ಬೇರೆಯಾಗುವಂತಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಕೂತು ಮಾತಾಡುವ ಹೊಣೆಯಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಅಕ್ಕಲಕೋಟದ ಪಂಚಾಯಿತಿ ಠರಾವಿನಿಂದ ಗಡಿ ಅಲ್ಲಾಡಬಾರದು, ಬೆಳಗಾವಿ ಪಾಲಿಕೆಯ ಠರಾವಿನಿಂದಲೂ. ಠರಾವು ಮಾಡಿದ್ದಕ್ಕೆ ಯಾರ ಪಂಚಾಯಿತಿಯೂ, ಯಾರ ಪಾಲಿಕೆಯೂ ಮುಚ್ಚಬಾರದು. ಅದಕ್ಕೆ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಬರಬೇಕು: ನಿಮ್ಮ ರಸ್ತೆ ಇಂಥ ದಿನ, ನಿಮ್ಮ ಶಾಲೆಗೆ ಕನ್ನಡದ ಅಥವಾ ಮರಾಠಿಯ ಶಿಕ್ಷಕರು ಇಂಥ ದಿನ ಎಂದು. ಎಂದಾದರೂ ಮತಕ್ಕೇ ಹಾಕುವುದಾದರೆ ಗೋವಾದ ದಾರಿಯೊಂದೇ: ಸಂಸತ್ತಿನ ಕಾನೂನು, ಎರಡೂ ರಾಜ್ಯಗಳ ಮುಂಗಡ ಒಪ್ಪಿಗೆ, ಗಡಿಯ ಎರಡೂ ಬದಿಗೆ ಒಂದೇ ಘಟಕ, ಒಂದೇ ಅಳತೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಏನೇ ತೀರ್ಪು ತರಲಿ, ಈ ಮಾತು ಅದಕ್ಕೆ ಅಡ್ಡಿಯಲ್ಲ.

ಮುಂದಿನ ಸಲ ಅಕ್ಕಲಕೋಟದ ಠರಾವನ್ನು ಎತ್ತಿಹಿಡಿದು ಭಾಷಣಕ್ಕೆ ನಿಲ್ಲುವ ಮಂತ್ರಿಯನ್ನು ಆಳಂದ, ಅಫಜಲಪುರ, ಜೇವರ್ಗಿಯ ಮತದಾರರು ಒಂದೇ ಮಾತು ಕೇಳಲಿ: ನಿಪ್ಪಾಣಿಯಿಂದ ಇಂಥದ್ದೇ ಠರಾವು ಬಂದರೆ ನಿಮ್ಮ ಉತ್ತರ ಇದೇ ತಾನೆ? ಹೌದು ಎನ್ನಲಾರದವರಿಗೆ ಅಕ್ಕಲಕೋಟದ ಹೆಸರೆತ್ತುವ ಹಕ್ಕಿಲ್ಲ.